ಕೈ ಹಿಡಿಯದೆ ಕಾಯುವುದು

ಕೆಲಸಕ್ಕೆ ಸೇರಿದ ಮೊದಲ ವಾರ ನನ್ನ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು. "ಹುಷಾರು, ಬೀಳ್ತೀಯ!" ಗಾಬರಿಯಲ್ಲಿ ಜರ್ಮನ್ ಮರೆತು ಕನ್ನಡದಲ್ಲೇ ಕೂಗಿಬಿಡುತ್ತಿದ್ದೆ.

ನಾನು ತೀರ್ಥಹಳ್ಳಿ ಕಡೆಯವಳು. ಈಗ ಜರ್ಮನಿಯ ಫ್ರೈಬುರ್ಗ್ ಹತ್ತಿರ ಒಂದು ಕಾಡಿನ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಇಲ್ಲಿ ಇದಕ್ಕೆ ವಾಲ್ಡ್‌ಕಿಂಡರ್‌ಗಾರ್ಟನ್ ಅಂತಾರೆ. ಸರ್ಕಾರದ ಮಾನ್ಯತೆ ಸಿಕ್ಕ ಮೊದಲನೆಯದು 1993ರಲ್ಲಿ ಫ್ಲೆನ್ಸ್‌ಬುರ್ಗ್‌ನಲ್ಲಿ ಶುರುವಾಯಿತು. ಈಗ ದೇಶದ ತುಂಬ ಸಾವಿರಕ್ಕೂ ಜಾಸ್ತಿ ಇವೆ. ನಮ್ಮದಕ್ಕೆ ಕಟ್ಟಡ ಇಲ್ಲ. ಗಾಲಿಗಳ ಮೇಲೆ ಒಂದು ಮರದ ಗಾಡಿ, ಒಳಗೊಂದು ಸೌದೆ ಒಲೆ. ಮೂರರಿಂದ ಆರು ವರ್ಷದ ಹದಿನೆಂಟು ಮಕ್ಕಳು, ನಾವು ಮೂವರು. ಮಳೆ ಬರಲಿ, ಹಿಮ ಬೀಳಲಿ, ಹೊರಗೇ ಆಟ.

ಮಕ್ಕಳು ನಮಗಿಂತ ಮುಂದೆ ಓಡಬಹುದು. ಆದರೆ ಗೊತ್ತಾದ ಜಾಗ ಬಂದಾಗ ನಿಲ್ಲಬೇಕು. ದಾರಿ ಕವಲೊಡೆಯುವ ಕಡೆ, ಸೌದೆ ಪೇರಿಸಿದ ಕಡೆ, ಹಳೆ ಓಕ್ ಮರದ ಬುಡದಲ್ಲಿ. ಎಲ್ಲರೂ ಬಂದು ಸೇರುವ ತನಕ ಯಾರೂ ಮುಂದೆ ಹೋಗುವಂತಿಲ್ಲ. ಮೂರು ವರ್ಷದ ಮಗು ತಾನಾಗೇ ನಿಂತು, ಹಿಂದೆ ತಿರುಗಿ ನಮಗಾಗಿ ಕಾಯೋದನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣು ತುಂಬಿತ್ತು.

ಇನ್ನೊಂದು ನಿಯಮ ಒಪ್ಪಿಕೊಳ್ಳಲು ನನಗೆ ತಿಂಗಳುಗಳೇ ಹಿಡಿದವು. ಮಗುವನ್ನು ಎತ್ತಿ ಮರದ ಮೇಲೆ ಕೂರಿಸುವಂತಿಲ್ಲ. ತಾನೇ ಹತ್ತಿದಷ್ಟೇ ಎತ್ತರ.

ಬಿದ್ದ ಒಂದು ಬೀಚ್ ಮರ ಹಳ್ಳಕ್ಕೆ ಅಡ್ಡವಾಗಿತ್ತು. ನಾಲ್ಕು ವರ್ಷದ ಹುಡುಗಿಯೊಬ್ಬಳಿಗೆ ಅದನ್ನು ದಾಟಲೇಬೇಕು. ಮೊದಲ ದಿನ ಪಾಚಿಯನ್ನು ಉಗುರಲ್ಲಿ ಕೆರೆದು ನೋಡಿದಳು. ಮರುದಿನ ಕೈಗವಸು ಬಿಚ್ಚಿಟ್ಟು, ಹೊಟ್ಟೆ ಮೇಲೆ ಮಲಗಿ ಎರಡು ಮಾರು ಜರುಗಿ ವಾಪಸ್ ಬಂದಳು. "ಎತ್ತು" ಅಂತ ಕೈ ಚಾಚಿದಳು. ನಾನು ಎತ್ತಲಿಲ್ಲ. ಜೊತೆಯವರು ಕಲಿಸಿದ ಹಾಗೆ ಕೇಳಿದೆ: "ಮುಂದಿನ ಕಾಲು ಎಲ್ಲಿಡ್ತೀಯ?" ಅವಳು ಬಗ್ಗಿ ನೋಡಿದಳು. ಒಂದು ಗಂಟು ಕಂಡಿತು. ಮೂರನೇ ವಾರ, ಕೆಸರು ಪ್ಯಾಂಟಿನ ಮೊಣಕಾಲು ಹಸಿರಾಗುವಷ್ಟು ತೆವಳಿ, ಆಚೆ ದಡದಲ್ಲಿ ಎದ್ದು ನಿಂತಳು. ನಾನು ಅಷ್ಟು ಹೊತ್ತೂ ಕೈಯಳತೆಯಲ್ಲೇ ಇದ್ದೆ, ಕೈ ಜೇಬಿನಲ್ಲಿಟ್ಟುಕೊಂಡು.

ಪಾಚಿ ಜಾರುತ್ತೋ ಇಲ್ವೋ ಅಂತ ಮಗು ಮುಟ್ಟಿ ತಿಳಿಯುತ್ತೆ. ಮುಟ್ಟಿದರೂ ತಿಳಿಯದ ಅಪಾಯಗಳು ಇವೆಯಲ್ಲ, ಅವು ಪೂರ್ತಿ ನಮ್ಮ ಜವಾಬ್ದಾರಿ. ಗಾಳಿ ಜೋರಿದ್ದ ದಿನ ಮರದಡಿ ಹೋಗುವುದಿಲ್ಲ, ಒಣಕೊಂಬೆ ಯಾವಾಗ ಮುರಿದು ಬೀಳುತ್ತೋ ಹೇಳೋಕಾಗಲ್ಲ. ಕಾಡಿನ ಹಣ್ಣನ್ನು ತೊಳೆಯದೆ ಬಾಯಿಗೆ ಹಾಕುವಂತಿಲ್ಲ, ನರಿಯ ಲಾಡಿಹುಳುವಿನ ಮೊಟ್ಟೆ ಇರಬಹುದು. ಮತ್ತೆ ಉಣುಗು, ಮೈಗೆ ಕಚ್ಚಿ ರಕ್ತ ಹೀರುವ ಹುಳು. ಬೇಸಿಗೆಯಲ್ಲೂ ಉದ್ದ ತೋಳು, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು. ಮನೆಗೆ ಹೋದ ಮೇಲೆ ಕಿವಿ ಹಿಂದೆ, ಕಂಕುಳು, ಮಂಡಿಯ ಹಿಂದೆ, ತೊಡೆಸಂದು ನೋಡಲೇಬೇಕು ಅಂತ ಅಪ್ಪ ಅಮ್ಮಂದಿರಿಗೆ ಪದೇಪದೇ ಹೇಳುತ್ತೇವೆ.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವಳ ಮೊದಲ ಪ್ರಶ್ನೆ, "ಅಲ್ಲೂ ಮಂಗನ ಕಾಯಿಲೆ ಇದೆಯೇನೇ?"

ಹೆಚ್ಚುಕಮ್ಮಿ ಇದೆ. ಮಂಗನ ಕಾಯಿಲೆಯೂ ಉಣುಗಿನಿಂದಲೇ ಹರಡೋದು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ನಮ್ಮ ವೈರಸ್ಸು, ಇಲ್ಲಿ ಉಣುಗಿನಿಂದ ಮಿದುಳಿಗೆ ಬರುವ ಜ್ವರದ ವೈರಸ್ಸು, ಎರಡೂ ಒಂದೇ ಕುಲದವು. ಇಲ್ಲಿಯದಕ್ಕೆ ಒಳ್ಳೆ ಲಸಿಕೆ ಇದೆ. ನಮ್ಮ ಮಕ್ಕಳಲ್ಲಿ ಸುಮಾರು ಜನ ಹಾಕಿಸಿಕೊಂಡಿದ್ದಾರೆ. ಊರ ಕಡೆ ಹಿಂದೆ ಕೊಡುತ್ತಿದ್ದ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ನಿಂತುಹೋಯಿತು.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು, "ಇಲ್ಲಿ ಚಳಿಗಾಲ ಬಂತು ಅಂದ್ರೆ ಪಕ್ಕದ್ಮನೆ ಪುಟ್ಟನ್ನ ಹುಲ್ಲಿನ ಬ್ಯಾಣಕ್ಕೂ ಬಿಡಲ್ಲ ಕಣೆ. ಮಳೆ ಹಿಡಿಯೋ ತನಕ ಜಗಲಿ ಮೇಲೇ ಆಡ್ತಾನೆ."