ಮೀನು ಘಟಕದ ಕೊಳೆ ನೀರು: ಹೊಸ ನಿಯಮಕ್ಕೆ ತಯಾರಾಗುವುದು ಹೇಗೆ?

ಮೀನು ಸಂಸ್ಕರಣಾ ಘಟಕಗಳಿಗೆ ಪರಿಸರ ನಿಯಮ ಬದಲಾಯಿತು ಅಂದ ತಕ್ಷಣ ಹೆಚ್ಚಿನವರು ಕೇಳುವುದು ‘ಯಾವ ಮಷೀನ್ ಹಾಕಿಸಬೇಕು?’ ಎಂದು. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ನೀರನ್ನು ಸರಿಯಾಗಿ ಅಳೆಯದೆ ತಂದ ಮಷೀನು ಮೂಲೆ ಸೇರುವುದನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ಹಳೆಯ ಪರವಾನಗಿಯನ್ನೂ ಹೊಸ ನಿಯಮವನ್ನೂ ಅಕ್ಕಪಕ್ಕ ಇಟ್ಟು ಓದಿ. ಏನನ್ನು ಅಳೆಯಬೇಕು, ಎಲ್ಲಿ ಅಳೆಯಬೇಕು, ಮಿತಿ ಇರುವುದು ಲೀಟರ್ ಲೆಕ್ಕದಲ್ಲೋ ಟನ್ ಮೀನಿನ ಲೆಕ್ಕದಲ್ಲೋ, ಇಷ್ಟನ್ನು ಗುರುತು ಹಾಕಿಕೊಳ್ಳಿ. ಹಳೆಯ ಪರವಾನಗಿ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2017ರಲ್ಲಿ ಘಟಕದ ರಕ್ತದ ನೀರು ಸಮುದ್ರ ಸೇರುವ ವಿಡಿಯೊ ಹೊರಬಂತು. ಆಮೇಲೆ ಅಲ್ಲಿನ ಸರ್ಕಾರ ಮೀನು ಘಟಕಗಳ ತಪಾಸಣೆಗೇ ಇಳಿಯಿತು.

ನಂತರ ಪ್ರತಿ ಚರಂಡಿಗೂ ಬಣ್ಣದ ನೀರು ಸುರಿದು ಅದು ಎಲ್ಲಿ ಹೊರಬರುತ್ತದೆ ನೋಡಿ. ಮಳೆ ನೀರಿನ ಕಾಲುವೆಯಲ್ಲಿ ಬಣ್ಣ ಕಂಡರೆ ಆ ಜೋಡಣೆಯನ್ನು ಅಂದೇ ಮುಚ್ಚಿಸಿ.

ಈಗ ಸ್ಯಾಂಪಲ್. ಜನ ಎಡವುವುದೇ ಇಲ್ಲಿ. ಮಧ್ಯಾಹ್ನ ಒಂದು ಬಾಟಲಿ ತುಂಬಿಸಿ ಲ್ಯಾಬಿಗೆ ಕಳಿಸಿದರೆ ಸಾಲದು. ಪಾಳಿ ಮುಗಿದ ಮೇಲೆ ನೆಲ, ಮೇಜು ತೊಳೆಯುತ್ತಾರಲ್ಲ, ಆ ನೀರಿನ ಕಥೆಯೇ ಬೇರೆ. ಪೂರ್ತಿ ಕೆಲಸ ಇರುವ ದಿನ, ಎಣ್ಣೆ ಜಾಸ್ತಿ ಇರುವ ಮೀನು ಬಂದ ದಿನವನ್ನೇ ಆರಿಸಿಕೊಳ್ಳಿ. ಗಂಟೆಗೊಮ್ಮೆ ನೀರು ಹಿಡಿಯಿರಿ. ಹರಿವು ಜಾಸ್ತಿ ಇದ್ದ ಗಂಟೆಯದ್ದು ಜಾಸ್ತಿ, ಕಡಿಮೆ ಇದ್ದಾಗಿನದ್ದು ಕಡಿಮೆ ಸೇರಿಸಿ ಒಟ್ಟು ಮಾಡಿ. ಮೇಲಿನ ನೊರೆಯನ್ನೂ ತಳದ ಕೆಸರನ್ನೂ ಬಾಚಬೇಡಿ. ನೀರು ಚೆನ್ನಾಗಿ ಕಲಕುವ ಜಾಗದಲ್ಲಿ, ಹರಿವಿನ ನಡುವಿನಿಂದ ತೆಗೆಯಿರಿ.

ಎಣ್ಣೆ-ಜಿಡ್ಡಿನ ಪರೀಕ್ಷೆಗೆ ಮಾತ್ರ ಈ ಬೆರಕೆ ನೀರು ಬೇಡವೇ ಬೇಡ. ಜಿಡ್ಡು ಪಾತ್ರೆಗೆ ಅಂಟಿಕೊಳ್ಳುತ್ತದೆ. ಲ್ಯಾಬ್ ಕೊಟ್ಟ ಗಾಜಿನ ಬಾಟಲಿಗೇ ನೇರವಾಗಿ ಹಿಡಿಯಿರಿ, ಪ್ಲಾಸ್ಟಿಕ್ ಬೇಡ. ಬಾಟಲಿಯನ್ನು ಅದೇ ನೀರಿನಿಂದ ತೊಳೆಯಲೂಬೇಡಿ. ಒಳಗೆ ಆ್ಯಸಿಡ್ ಹಾಕಿಟ್ಟಿರುತ್ತಾರೆ, ಅದು ಹೋಗಿಬಿಡುತ್ತದೆ.

ಬಿಒಡಿ ಅಂದರೆ ನೀರಿನ ಕೊಳೆಯನ್ನು ಜೀವಾಣುಗಳು ತಿಂದು ಕರಗಿಸಲು ಬೇಕಾಗುವ ಆಮ್ಲಜನಕದ ಅಳತೆ. ಅದರ ಸ್ಯಾಂಪಲನ್ನು ಐಸ್ ಪೆಟ್ಟಿಗೆಯಲ್ಲಿ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಟ್ಟು, 48 ಗಂಟೆಯೊಳಗೆ ಪರೀಕ್ಷೆ ಶುರುವಾಗುವಂತೆ ಲ್ಯಾಬಿಗೆ ತಲುಪಿಸಿ. ಗಟ್ಟಿಯಾಗುವಷ್ಟು ತಣ್ಣಗೆ ಮಾಡಬೇಡಿ. ನೀರಿನಲ್ಲಿ ಬ್ಲೀಚ್ ಸೇರಿದ್ದರೆ ಮುಚ್ಚಿಡಬೇಡಿ, ಲ್ಯಾಬಿನವರಿಗೆ ಹೇಳಿ. ಈ ಪರೀಕ್ಷೆ ನಡೆಯುವುದೇ ಜೀವಾಣುಗಳಿಂದ. ಕ್ಲೋರಿನ್ ಅವನ್ನು ಕೊಂದರೆ ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಅದನ್ನು ನಂಬಿ ಕಟ್ಟಿದ ಶುದ್ಧೀಕರಣ ಟ್ಯಾಂಕ್ ಸಾಲುವುದಿಲ್ಲ, ಅಲ್ವಾ?

ಪ್ರತಿ ಸಲವೂ ಫ್ಲೋ ಮೀಟರ್ ಓದಿ ಬರೆದಿಡಿ. ಲೀಟರಿಗೆ 1000 ಮಿಲಿಗ್ರಾಂ ಬಿಒಡಿ ಇದ್ದು ದಿನಕ್ಕೆ 200 ಘನ ಮೀಟರ್ ನೀರು ಹೋದರೆ ಒಟ್ಟು ಹೊರೆ 200 ಕಿಲೊ. ನೀರನ್ನು ಅರ್ಧಕ್ಕೆ ಇಳಿಸಿ ಕೊಳೆ ಅಷ್ಟೇ ಬಿಟ್ಟರೆ ಲೀಟರಿಗೆ 2000 ಆಗುತ್ತದೆ, ಹೊರೆ ಬದಲಾಗುವುದಿಲ್ಲ. ನಿಯಮದಲ್ಲಿ ಲೀಟರ್ ಮಿತಿ ಮಾತ್ರ ಇದ್ದರೆ ನೀರು ಉಳಿಸಿದವರೇ ಸಿಕ್ಕಿಬೀಳುತ್ತಾರೆ. ಕರಡು ನಿಯಮಕ್ಕೆ ಅಭಿಪ್ರಾಯ ಕೇಳಿದಾಗ ಈ ಲೆಕ್ಕವನ್ನು ಬರೆದು ಕಳಿಸಿ.

ಹೊರೆ ಇಳಿಸಲು ನನ್ನ ಮೊದಲ ಆಯ್ಕೆ ಪೊರಕೆ ಮತ್ತು ಸಲಿಕೆ. ಕರುಳು, ತಲೆ, ಹುರುಪೆಯನ್ನು ಒಣಗೇ ಬಾಚಿ ತೆಗೆಯಿರಿ, ಪೈಪ್ ಹಿಡಿಯುವುದು ಆಮೇಲೆ. ರಕ್ತವನ್ನು ಬೇರೆಯೇ ಹಿಡಿದಿಡಿ. ಜಾಲರಿ ಪಂಪಿಗಿಂತ ಮುಂಚೆ ಇರಲಿ. ಪಂಪಿಗೆ ಸಿಕ್ಕಿ ನುಚ್ಚಾದ ಚೂರು ಜಾಲರಿಯಲ್ಲಿ ನಿಲ್ಲುವುದಿಲ್ಲ. ಜಿಡ್ಡು ಕರಗಿಸುತ್ತದೆ ಎಂದು ಮಾರುವ ದ್ರಾವಣ ಖಂಡಿತ ಕೊಳ್ಳಬೇಡಿ. ಜಿಡ್ಡು ಮುಂದಿನ ಪೈಪಿಗೆ ಹೋಗಿ ಮತ್ತೆ ಹೆಪ್ಪುಗಟ್ಟುತ್ತದೆ, ಅಷ್ಟೇ.

ಇನ್ನೂ ಉಳಿದ ಎಣ್ಣೆ, ಸಣ್ಣ ಚೂರುಗಳಿಗೆ ಗಾಳಿಗುಳ್ಳೆಗಳಿಂದ ತೇಲಿಸಿ ಬಾಚುವ ಡಿಎಎಫ್ ಘಟಕ ಬೇಕು. ರೋಗಾಣು ಮಿತಿಯೂ ಇದ್ದರೆ ಕೊನೆಗೆ ಯುವಿ (ಅತಿನೇರಳೆ ಬೆಳಕಿನ) ದೀಪ ಹಾಕಿಸಿ. ಮಸುಕು ನೀರಿನೊಳಗೆ ಆ ಬೆಳಕು ಹೋಗುವುದಿಲ್ಲ, ಹಾಗಾಗಿ ಅದನ್ನು ಮೊದಲಿಗೆ ತರಬೇಡಿ.

ನೀರಿನಲ್ಲಿ ಕರಗಿದ ಕೊಳೆಯನ್ನು ಜೀವಾಣುಗಳಿಂದ ತಿನ್ನಿಸುವ ಟ್ಯಾಂಕ್ ಕಟ್ಟಿಸುವುದಾದರೆ, ಅದು ಹದಕ್ಕೆ ಬರಲು ವಾರಗಟ್ಟಲೆ ಬೇಕು. ನಿಯಮ ಜಾರಿಯಾಗುವ ದಿನದಿಂದ ಹಿಂದಕ್ಕೆ ಎಣಿಸಿ ಕೆಲಸ ಶುರು ಮಾಡಿ. ಡಿಎಎಫ್‌ನಿಂದ ಬರುವ ಕೆಸರು ಬೇಗ ನಾರುತ್ತದೆ. ಅದನ್ನು ಯಾರು, ಎಷ್ಟು ದಿನಕ್ಕೊಮ್ಮೆ, ಎಲ್ಲಿಗೆ ಒಯ್ಯುತ್ತಾರೆ ಎಂಬ ಒಪ್ಪಂದವನ್ನು ಪರವಾನಗಿ ಅರ್ಜಿಯ ಜೊತೆಗೇ ಲಗತ್ತಿಸಿ.