ಕಿಟಕಿ, ಮೇಲೆ, ಬಾಗಿಲು: ನಮ್ಮ ವಾರ್ಡಿನ ಬೆಡ್‌ಸೋರ್ ಕಥೆ

ಬೆಡ್‌ಸೋರ್ (ಒಂದೇ ಕಡೆ ಮಲಗಿ ಮಲಗಿ ಆಗುವ ಒತ್ತಡದ ಹುಣ್ಣು) ಆಗದಂತೆ ಏನು ಮಾಡಬೇಕು ಅಂತ ಫಸ್ಟ್ ಇಯರ್ ನರ್ಸಿಂಗ್ ಹುಡುಗಿಯನ್ನು ಕೇಳಿ, ಗಡಗಡ ಹೇಳುತ್ತಾಳೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸು, ಚರ್ಮ ಒಣಗಿರಲಿ, ಚಾದರ ಸುಕ್ಕಾಗಬಾರದು. ವೈವಾದಲ್ಲಿ ಫುಲ್ ಮಾರ್ಕ್ಸ್. ವಾರ್ಡಿಗೆ ಬಂದು ನೋಡಿದರೆ ಲಕ್ವಾ ಹೊಡೆದ ಅಜ್ಜ ಬೆಳಗ್ಗೆ ಹೇಗೆ ಮಲಗಿದ್ದನೋ ಸಂಜೆಯೂ ಹಾಗೇ ಮಲಗಿರುತ್ತಾನೆ. ಬಾಯಿಪಾಠ ಕೈಗೆ ಇಳಿಯೋಕೆ ನಮ್ಮಲ್ಲಿ ಎರಡು ವರ್ಷದ ಮೇಲೇ ಹಿಡಿಯಿತು. ಆಗಲ್ಲ ಅಂದವರೇ ಜಾಸ್ತಿ ಇದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ವಿಜಯಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೆಡಿಸಿನ್ ವಾರ್ಡಿನ ಇನ್‌ಚಾರ್ಜ್. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಪೇಷಂಟುಗಳೇ ಹೆಚ್ಚು. 28-30 ಬೆಡ್. ಹಗಲು ಇಬ್ಬರು ಸ್ಟಾಫ್, ರಾತ್ರಿ ಒಬ್ಬರು. ಉಳಿದದ್ದೆಲ್ಲ ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್ ಕಲಿಯುವ ಹುಡುಗಿಯರ ಮೇಲೆ.

ಮೊದಲು, ಮಗ್ಗುಲು ಬದಲಿಸಿದಾಗೊಮ್ಮೆ ಸಹಿ ಹಾಕುವ ಚಾರ್ಟ್ ಹಚ್ಚಿದೆವು. ವಾರದೊಳಗೇ ಬಣ್ಣ ಬಯಲಾಯಿತು. ಎಂಟರಿಂದ ಎರಡರವರೆಗಿನ ಸಹಿ ಎಲ್ಲಾ ಒಂದೇ ಪೆನ್ನಿನದು, ಒಂದೇ ಓರೆ. ಡ್ಯೂಟಿ ಮುಗಿಯುವ ಹೊತ್ತಿಗೆ ಕೂತು ತುಂಬಿದ್ದು. ಬೈದೆ. ಮಾರನೇ ದಿನದಿಂದ ಎರಡು ಪೆನ್ನಿನಲ್ಲಿ ತುಂಬಿದರು!

ಆಮೇಲೆ ಮ್ಯಾನೇಜ್ಮೆಂಟಿಗೆ ದುಂಬಾಲು ಬಿದ್ದು ಆಲ್ಫಾ ಬೆಡ್ (ಮೋಟರಿನಿಂದ ಗಾಳಿ ತುಂಬುವ ಹಾಸಿಗೆ) ತರಿಸಿದೆ. ಆಗ ಒಂದಕ್ಕೆ 3,000-3,500 ಇದ್ದ ನೆನಪು. ಐದೋ ಆರೋ ತಗೊಂಡೆವು. ಒಂದಕ್ಕೆ ಸೂಜಿ ಚುಚ್ಚಿತು, ಒಂದರ ಮೋಟರ್ ಮಳೆಗಾಲ ಮುಗಿಯೋದರೊಳಗೆ ಮಲಗಿತು. ಕರೆಂಟ್ ಹೋದರೆ ಗಾಳಿ ಇಳಿದು ಪೇಷಂಟ್ ನೇರ ಮಂಚದ ಹಲಗೆ ಮೇಲೆ. ಬೆಡ್ ಹಾಕಿದ ಮೇಲೂ ಬೆನ್ನುಬುಡದ ನೇರಕ್ಕೆ, ಆ ಗಾಳಿ ಹಾಸಿಗೆಯ ಕೆಳಗೆ, ಅಂಗೈ ಮೇಲೆ ಮಾಡಿ ತೂರಿಸಿ ನೋಡಬೇಕು. ಒಂದು ಇಂಚಾದರೂ ಗಾಳಿ ಕೈಗೆ ಸಿಗದಿದ್ದರೆ ಆ ಬೆಡ್ ಇದ್ದೂ ಇಲ್ಲದ ಹಾಗೆ. ದೊಡ್ಡ ನಷ್ಟ ದುಡ್ಡಿನದಲ್ಲ. ‘ಆಲ್ಫಾ ಬೆಡ್ ಹಾಕೀವಲ್ಲ’ ಅಂತ ಮಗ್ಗುಲು ಬದಲಿಸೋದನ್ನೇ ಎಲ್ಲರೂ ಬಿಟ್ಟುಬಿಟ್ಟರು.

ಮೊಬೈಲ್ ಅಲಾರಾಂ ಬಗ್ಗೆ ಹೇಳೋದೇ ಬೇಡ. ಬಡಿಯುತ್ತದೆ, ಆಫ್ ಮಾಡುತ್ತಾರೆ, ಅಷ್ಟೇ.

ಕೊನೆಗೆ ಕೈಹಿಡಿದದ್ದು ಬಲು ಸಾದಾ ವಿಷಯ. ನಮ್ಮದು ಉದ್ದನೆಯ ವಾರ್ಡು. ಒಂದು ತುದಿಗೆ ಬಾಗಿಲು, ಇನ್ನೊಂದು ತುದಿಗೆ ದೊಡ್ಡ ಕಿಟಕಿ. ಪ್ರತಿ ಬೆಡ್ಡಿಗೆ ಬೇರೆ ಬೇರೆ ಟೈಮ್ ಇಡೋದನ್ನು ಬಿಟ್ಟೆ. ತಾನೇ ಹೊರಳಲಾಗದ ಪೇಷಂಟುಗಳೆಲ್ಲ ಒಂದೇ ಹೊತ್ತಿಗೆ ಒಂದೇ ದಿಕ್ಕಿಗೆ. ಎಂಟಕ್ಕೆ ಮೇಲೆ (ಅಂದರೆ ಅಂಗಾತ), ಹತ್ತಕ್ಕೆ ಕಿಟಕಿ, ಹನ್ನೆರಡಕ್ಕೆ ಬಾಗಿಲು, ಎರಡಕ್ಕೆ ಮತ್ತೆ ಮೇಲೆ. ದಿನಕ್ಕೆ ಹನ್ನೆರಡು ಸರದಿ, ಮೂರು ದಿಕ್ಕು. ಹಾಗಾಗಿ ದಿನಾ ಅದೇ ವೇಳಾಪಟ್ಟಿ, ಬರೆದುಕೊಳ್ಳೋದೇ ಬೇಕಿಲ್ಲ. ಬೆಳಗ್ಗೆ ಎಂಟು, ಮಧ್ಯಾಹ್ನ ಎರಡು, ರಾತ್ರಿ ಎಂಟಕ್ಕೆ ‘ಮೇಲೆ’ ಬರೋದರಿಂದ ನಾಷ್ಟಾ, ಊಟ, ಟ್ಯೂಬ್ ಫೀಡಿಂಗ್ ಎಲ್ಲ ಆಗಲೇ. ಫೀಡಿಂಗ್ ಇರುವವರಿಗೆ ತಲೆಕಡೆ ಎತ್ತರಿಸಲೇಬೇಕು. ಆದರೆ ಎತ್ತರಿಸಿದ ಮೇಲೆ ಪೇಷಂಟ್ ಕೆಳಗೆ ಜಾರದಂತೆ ಮಂಡಿ ಕೆಳಗೂ ಒಂದು ಮಡಿಸಿದ ಚಾದರ ಇಡಿ. ಜಾರಿದರೆ ಬೆನ್ನುಬುಡದ ಚರ್ಮ ಒಳಗೊಳಗೇ ಹರಿಯುತ್ತದೆ.

ಎಡ-ಬಲ ಅನ್ನೋದನ್ನು ತೆಗೆದೇ ಹಾಕಿದೆ. ನರ್ಸಿನ ಎಡವೋ, ಪೇಷಂಟಿನ ಎಡವೋ ಅನ್ನೋ ತಕರಾರೇ ಬೇಡ. ಕಿಟಕಿ ಅಂದರೆ ಕಸ ಗುಡಿಸುವ ಅಕ್ಕನಿಗೂ ಗೊತ್ತು. ಬಾಗಿಲಲ್ಲಿ ನಿಂತರೆ ಸಾಕು, ತಿರುಗದ ಮುಖ ಯಾವುದು ಅಂತ ಒಂದೇ ನೋಟಕ್ಕೆ ಸಿಗುತ್ತದೆ. ಸುಳ್ಳು ಸಹಿ ಹಾಕಿದರೂ ಅಜ್ಜನ ಮುಖ ಸುಳ್ಳು ಹೇಳೋದಿಲ್ಲವಲ್ಲ.

‘ಇದೇನು ಸಿಸ್ಟರ್, ಪರೇಡಾ?’ ಅಂತ ಡಾಕ್ಟರೊಬ್ಬರು ನಕ್ಕರು. ಸೀನಿಯರ್ ಅಕ್ಕ ಒಬ್ಬರು, ‘ಹತ್ತು ದಿನ ನಡದ್ರ ಜಾಸ್ತಿ ಆತು ಬಿಡವಾ’ ಅಂದರು. ನಡೆಯಿತು. ಹೇಗೆ ಅಂದರೆ, ಪೇಷಂಟಿನ ಮನೆಯವರಿಂದ. ಬೆಡ್ಡಿನ ಪಕ್ಕ ಕೂತ ಸೊಸೆಯೇ ಗಡಿಯಾರ ನೋಡಿ ‘ಯವ್ವಾ, ಬಾಗಲಾ ಕಡೆ ಮಾಡೂ ಹೊತ್ತಾತು, ಬರ್ರಿ’ ಅಂತ ಕೂಗತೊಡಗಿದಳು. ಹುಡುಗಿಯರಿಗೆ ತಪ್ಪಿಸಿಕೊಳ್ಳೋ ದಾರಿಯೇ ಉಳಿಯಲಿಲ್ಲ.

ಎಲ್ಲರಿಗೂ ಇದನ್ನು ಹಚ್ಚುವ ಹಾಗಿಲ್ಲ, ಅದು ನಿಮಗೆ ಗೊತ್ತಿರೋದೇ. ಬೆನ್ನೆಲುಬು, ಚಪ್ಪೆ ಮುರಿದವರಿಗೆ ಡಾಕ್ಟರ್ ಆರ್ಡರ್ ಇಲ್ಲದೆ ಕೈ ಹಚ್ಚಬೇಡಿ. ಲಕ್ವಾ ಪೇಷಂಟನ್ನು ಸ್ವಾಧೀನ ತಪ್ಪಿದ ಮಗ್ಗುಲಿಗೆ ನಾನು ಒಂದು ತಾಸಿಗಿಂತ ಹೆಚ್ಚು ಬಿಡೋದಿಲ್ಲ. ಅಡ್ಮಿಷನ್ ದಿನವೇ ಬ್ರೇಡನ್ ಸ್ಕೋರ್ ಹಾಕಿಸುತ್ತೇನೆ. ಅದು ಬೆಡ್‌ಸೋರ್ ಆಗುವ ಅಪಾಯ ಅಳೆಯುವ ಅಂಕ, ಕಡಿಮೆ ಆದಷ್ಟೂ ಅಪಾಯ ಹೆಚ್ಚು. 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಂಚಕ್ಕೆ ಕೆಂಪು ದಾರ.

ಇನ್ನು 30 ಡಿಗ್ರಿ ವಿಷಯ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಚಪ್ಪೆ ಎಲುಬಿನ ಮೇಲೆ. ಅದಕ್ಕೇ 30 ಡಿಗ್ರಿ ಓರೆ. ಅದು ಎಷ್ಟು ಅಂತ ಕಣ್ಣಳತೆಯಲ್ಲಿ ಯಾರಿಗೆ ಗೊತ್ತು? ಒಂದು ಮಧ್ಯಾಹ್ನ ಹುಡುಗಿಯೊಬ್ಬಳ ಮೊಬೈಲಿನ ಲೆವೆಲ್ ಆ್ಯಪ್ ಹಿಡಿದು ಎಲ್ಲರ ಕೈಗುಣ ಪರೀಕ್ಷೆ ಮಾಡಿದೆವು. ಮೂವತ್ತು ಅಂದುಕೊಂಡು ಮಲಗಿಸಿದ್ದು ಐವತ್ತರ ಮೇಲೇ ಇತ್ತು. ದಿಂಬು ಸಾಲದು, ಅರ್ಧ ತಾಸಿನಲ್ಲಿ ಚಪ್ಪಟೆ. ಫೋಮ್ ವೆಡ್ಜ್ (ಓರೆಯಾಗಿ ಕತ್ತರಿಸಿದ ಫೋಮ್ ತುಂಡು) ಕೇಳಿದರೆ ಮ್ಯಾನೇಜರ್ ಆಲ್ಫಾ ಬೆಡ್ಡಿನ ಲೆಕ್ಕ ತೆಗೆದರು. ಆಗ ಹೊಳೆದದ್ದು ಕೌದಿ. ನಮ್ಮ ಕಡೆ ಕೌದಿ ಇಲ್ಲದ ಮನೆ ಯಾವುದು? ಪೇಷಂಟ್ ಬರುವಾಗಲೇ ಮನೆಯವರು ಒಂದು ಹೊತ್ತು ತಂದಿರುತ್ತಾರೆ. ಹಳೇ ಸೀರೆಗಳ ಪದರ, ಒತ್ತಾಗಿ ಹಾಕಿದ ಹೊಲಿಗೆ. ಮಡಿಸಿದರೆ ಗಟ್ಟಿ ನಿಲ್ಲುತ್ತದೆ. ಭುಜದಿಂದ ಚಪ್ಪೆವರೆಗೆ ಬೆನ್ನ ಹಿಂದೆ ಇಟ್ಟರೆ ಸರಿಯಾಗಿ ಮೂವತ್ತರ ಹತ್ತಿರ ಬರುತ್ತದೆ. ಜಾರದ ಹಾಗೆ ಮಡಿಸೋದರಲ್ಲಿ ಒಂದು ಗುಟ್ಟಿದೆ. ಅದನ್ನು ಬರೆಯೋದಿಲ್ಲ, ನಮ್ಮ ವಾರ್ಡಿಗೆ ಬಂದರೆ ತೋರಿಸುತ್ತೇನೆ!

ಇನ್‌ಫೆಕ್ಷನ್ ಕಂಟ್ರೋಲ್ ಸಿಸ್ಟರ್ ತಕರಾರು ತೆಗೆದರು. ಅವರದು ನ್ಯಾಯವೇ. ಹಾಗಾಗಿ ಒಬ್ಬರ ಕೌದಿ ಇನ್ನೊಬ್ಬರಿಗಿಲ್ಲ, ಪೇಷಂಟಿನ ಜೊತೆ ಮನೆಗೇ ಹೋಗುತ್ತದೆ. ಮೇಲೆ ರೆಕ್ಸಿನ್ ಕವರ್, ಒರೆಸೋಕೆ ಬರುತ್ತದೆ. ಹೊಲಿಸಲು ಒಂದಕ್ಕೆ 150ರ ಆಸುಪಾಸು. ಅದರ ಮೇಲೆ ಕಾಟನ್ ಚಾದರ ಹಾಕಲೇಬೇಕು. ಏಪ್ರಿಲ್-ಮೇ ನಮ್ಮೂರ ಬಿಸಿಲಲ್ಲಿ ಬರೀ ರೆಕ್ಸಿನ್ ತಾಗಿದರೆ ಬೆನ್ನು ಬೆವತು ಬೆಂದಂತಾಗುತ್ತದೆ.

ಹುಡುಗಿಯರಿಗೆ ನಾನು ದಿನಾ ಹೇಳೋದು ಒಂದೇ: ಎಳೀಬೇಡ, ಎತ್ತು. ಇಬ್ಬರು ನಿಂತು ಡ್ರಾ ಶೀಟ್ (ಪೇಷಂಟಿನ ಕೆಳಗೆ ಅಡ್ಡ ಹಾಸಿದ ಚಾದರ) ಸುತ್ತಿ ಹಿಡಿದು, ಮಂಡಿ ಬಗ್ಗಿಸಿ, ಒಟ್ಟಿಗೆ. ಪೇಷಂಟಿನ ಚರ್ಮವೂ ಉಳಿಯುತ್ತದೆ, ಹುಡುಗಿಯರ ಸೊಂಟವೂ ಉಳಿಯುತ್ತದೆ. ಮುಟ್ಟುವ ಮೊದಲು, ಮುಟ್ಟಿದ ಮೇಲೆ ಹ್ಯಾಂಡ್ ರಬ್. ಒಂದೇ ಸುತ್ತಿನಲ್ಲಿ ಇಷ್ಟು ಬೆಡ್ ಮುಟ್ಟುವಾಗ ಇದು ತಪ್ಪಿದರೆ ಬೆಡ್‌ಸೋರ್ ತಡೆಯಲು ಹೋಗಿ ಇನ್‌ಫೆಕ್ಷನ್ ಹಂಚಿದ ಹಾಗೆ.

ನೋಡುವ ಕಣ್ಣೂ ಬೇಕು. ಕೆಂಪಗಾಗಿದೆಯಾ ನೋಡು ಅಂತ ಪುಸ್ತಕ ಹೇಳುತ್ತದೆ. ಹೊಲದಲ್ಲಿ ದುಡಿದು ಕಪ್ಪಾದ ಮೈಮೇಲೆ ಕೆಂಪು ಎಲ್ಲಿ ಕಾಣಬೇಕು? ಕೈ ಹಿಂಬದಿಯಿಂದ ಮುಟ್ಟಿ ನೋಡಿ. ಪಕ್ಕದ ಚರ್ಮಕ್ಕಿಂತ ಬಿಸಿ ಅನಿಸಿದರೆ, ಗಟ್ಟಿಯಾಗಿಯೋ ಮೆತ್ತಗೋ ಇದ್ದರೆ, ಅಜ್ಜ ಮುಖ ಕಿವುಚಿದರೆ, ಅಲ್ಲೇ ಶುರುವಾಗಿದೆ ಅಂತ ತಿಳಿಯಿರಿ. ಅದರ ಮೇಲೆ ಮಸಾಜ್ ಬೇಡ. ಸ್ಪಿರಿಟ್ ಹಚ್ಚಿ ಪೌಡರ್ ಉಜ್ಜುವ ಹಳೇ ಬ್ಯಾಕ್ ಕೇರ್ ಇನ್ನೂ ಕೆಲವರು ಬಿಟ್ಟಿಲ್ಲ. ನಮ್ಮಲ್ಲಿ ಪೂರ್ತಿ ಬಂದ್.

ಹಿಮ್ಮಡಿಗೆ ಗ್ಲೌಸಿನಲ್ಲಿ ನೀರು ತುಂಬಿ ಇಟ್ಟು ನೋಡಿದೆವು. ಒಂದೋ ಸರಿಯುತ್ತದೆ, ಇಲ್ಲಾ ಒಡೆದು ಹಾಸಿಗೆ ತೊಯ್ಯುತ್ತದೆ. ಮೀನಖಂಡದ ಉದ್ದಕ್ಕೂ ಮಡಿಸಿದ ಚಾದರ ಇಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ಬಿಡೋದೇ ಸರಿ. ಊಟದ್ದು ಇನ್ನೊಂದು ಗೋಳು. ಮನೆಯವರು ಗಂಜಿ ಬಿಟ್ಟು ಬೇರೆ ಕೊಡಲು ಹೆದರುತ್ತಾರೆ. ಡಾಕ್ಟರನ್ನು ಕೇಳಿ ಮೊಟ್ಟೆ, ಬೇಳೆಕಟ್ಟು, ಹಾಲು ಶುರು ಮಾಡಿಸಿದೆ.

ಮೊದಲು ತಿಂಗಳಿಗೆ ಮೂರೋ ನಾಲ್ಕೋ ಹೊಸ ಹುಣ್ಣು ನಮ್ಮಲ್ಲೇ ಆಗುತ್ತಿದ್ದವು. ಈಗ ಆರು ತಿಂಗಳಿಗೆ ಒಂದು ಬಂದರೆ ಹೆಚ್ಚು. ಮನೆಯಿಂದಲೇ ಹುಣ್ಣು ಹೊತ್ತು ಬಂದವರ ಲೆಕ್ಕ ಬೇರೆ. ಪರೇಡ್ ಅಂದ ಡಾಕ್ಟರೇ ಈಗ ಐಸಿಯುಗೂ ಮಾಡಿಕೊಡಿ ಅನ್ನುತ್ತಾರೆ. ಅಲ್ಲಿ ಕಿಟಕಿಯೇ ಇಲ್ಲ, ಬೇರೆ ಗುರುತು ಹುಡುಕಬೇಕು.

ಸದ್ಯ ಕುರ್ಚಿಯಲ್ಲಿ ಕೂರಿಸುವ ಪೇಷಂಟುಗಳಿಗೆ ಕೈ ಹಾಕಿದ್ದೇನೆ. ಕೂತಾಗ ಭಾರವೆಲ್ಲ ಕುಂಡಿಯ ಎಲುಬಿನ ಮೇಲೇ, ಎರಡು ತಾಸು ಕಾಯೋ ಹಾಗಿಲ್ಲ. ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ಅವರೇ ಒಂದಿಷ್ಟು ಓರೆಯಾಗುವಂತೆ ಕಲಿಸುತ್ತಿದ್ದೇವೆ. ನೆನಪು ಮಾಡೋದು ಯಾರು ಅನ್ನೋದೇ ಬಗೆಹರಿದಿಲ್ಲ. ಅಡ್ವರ್ಟೈಸ್‌ಮೆಂಟ್ ಬಂದಾಗೊಮ್ಮೆ ಅಲುಗಾಡಿ ಅಂತ ಟಿವಿ ಧಾರಾವಾಹಿ ನೋಡೋ ಅಜ್ಜಿಯರಿಗೆ ಹೇಳಿದ್ದೇನೆ. ಅವರ ಮಟ್ಟಿಗೆ ಚೆನ್ನಾಗೇ ನಡೆದಿದೆ, ಅಜ್ಜಂದಿರಿಗೆ ಏನು ಮಾಡೋದು ಅಂತ ನೋಡುತ್ತಿದ್ದೇನೆ.