ಎಂಟು ನಿಮಿಷದ ಗ್ರಹಣ ಗೊಂದಲ

ಚಿತ್ರದುರ್ಗದ ನಮ್ಮ ಮಾಳಿಗೆಯಿಂದ ಯು ಜೆಮಿನೋರಮ್ ಎಂಬ ಕುಬ್ಜ ನೋವಾದ (ಆಗಾಗ ಥಟ್ಟನೆ ಪ್ರಖರವಾಗುವ ಜೋಡಿ ನಕ್ಷತ್ರ) ಬೆಳಕನ್ನು ಅಳೆಯುತ್ತಿದ್ದೇನೆ. ಸುಮಾರು 4 ಗಂಟೆ 15 ನಿಮಿಷಕ್ಕೊಮ್ಮೆ ಗ್ರಹಣ ಹಿಡಿದು ಅದರ ಬೆಳಕು ಕುಸಿಯುತ್ತದೆ. ಜೋಡಿಯ ಕಕ್ಷಾವಧಿಯೂ ಅದೇ. ಆದರೆ ಜನವರಿಯ ಗ್ರಹಣಗಳಿಗೂ ಏಪ್ರಿಲ್‌ನವಕ್ಕೂ ಲೆಕ್ಕ ಕೂಡಲಿಲ್ಲ. ಎಂಟು ನಿಮಿಷದಷ್ಟು ಅಂತರ! ಇಲ್ಲಿನ ಗಾಳಿಗೆ ದೂರದರ್ಶಕ ಅಲುಗುವುದು ನಿಜ, ಆದರೆ ಅದರಿಂದ ಅಳತೆಗಳು ಚದುರುತ್ತವೆಯೇ ಹೊರತು ಒಂದೇ ಕಡೆಗೆ ಜರುಗುವುದಿಲ್ಲ.

ಕಾರಣ ಭೂಮಿಯ ಚಲನೆ. ಈ ನಕ್ಷತ್ರ ಕ್ರಾಂತಿವೃತ್ತಕ್ಕೆ, ಅಂದರೆ ಆಕಾಶದಲ್ಲಿ ಸೂರ್ಯ ವರ್ಷವಿಡೀ ಸಾಗುವಂತೆ ಕಾಣುವ ಹಾದಿಗೆ, ಅಂಟಿಕೊಂಡಂತಿದೆ. ಜನವರಿ ಮಧ್ಯದಲ್ಲಿ ಅದಕ್ಕೆ ಸೂರ್ಯನಿಗಿಂತ ನಾವೇ ಸಮೀಪವಿರುವುದರಿಂದ ಅದರ ಬೆಳಕು ಸೂರ್ಯನನ್ನು ಮುಟ್ಟುವುದಕ್ಕಿಂತ ಎಂಟು ನಿಮಿಷ ಮೊದಲೇ ನಮಗೆ ಬರುತ್ತದೆ. ಏಪ್ರಿಲ್ ಮಧ್ಯದಲ್ಲಿ ಆ ಲಾಭವಿಲ್ಲ. ಎಲ್ಲವನ್ನೂ ಸೂರ್ಯಕೇಂದ್ರಿತ ಸಮಯಕ್ಕೆ (ಸೂರ್ಯನಿರುವಲ್ಲಿಂದ ನೋಡಿದ್ದರೆ ಸಿಗುತ್ತಿದ್ದ ಸಮಯಕ್ಕೆ) ಬದಲಿಸಿದೆ, ಗ್ರಹಣಗಳು ಒಂದರ ಮೇಲೊಂದು ಸರಿಯಾಗಿ ಕುಳಿತವು. ತಿದ್ದದಿದ್ದರೆ, ಮೂರು ತಿಂಗಳ ಸುಮಾರು 500 ಸುತ್ತುಗಳಲ್ಲಿ ಕಕ್ಷಾವಧಿ ಒಂದು ಸೆಕೆಂಡಿನಷ್ಟು ಹೆಚ್ಚಾಗಿ ಕಾಣುತ್ತಿತ್ತು.